ವಿಜ್ಞಾನ ವಿಚಾರ: ಕಣ್ಣಿಗೂ ಪಾಠ ಬೇಕು

ನಮ್ಮ ಸಂಘದ ಬಂಧುಗಳ ಮನೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತದೆ. ಮನೆಯ ಮಗನೋ ಮಗಳೋ ಎಂ.ಎಸ್‌ಸಿ. ಮುಗಿಸಿ, ಗಚ್ಚಿಬೌಲಿಯ ವಿಶ್ವವಿದ್ಯಾನಿಲಯವನ್ನೋ ಕಂದಿಯ ಐ.ಐ.ಟಿ.ಯನ್ನೋ ಸೇರಿ ಡಾಕ್ಟರೇಟ್ ಪದವಿಗೆ ಕೆಲಸ ಮಾಡುತ್ತಿರುತ್ತಾರೆ. ಹಬ್ಬಕ್ಕೆ ಬಂದ ದೊಡ್ಡಪ್ಪನವರು, "ಏನಮ್ಮಾ ಮಾಡುತ್ತಿದ್ದೀಯೆ?" ಎಂದು ವಿಚಾರಿಸುತ್ತಾರೆ. "ನ್ಯಾನೊ ಪದಾರ್ಥಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೇನೆ, ದೊಡ್ಡಪ್ಪ" ಎಂದು ಉತ್ತರ ಬರುತ್ತದೆ. "ಬರೀ ನೋಡುವುದಕ್ಕೆ ಐದು ವರ್ಷ ಬೇಕೇನಮ್ಮಾ?" ಎಂಬುದು ಅವರ ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕೊಟ್ಟ ಹುಡುಗಿ ಎರಡನೆಯದಕ್ಕೆ ನಕ್ಕು ಸುಮ್ಮನಾಗುತ್ತಾಳೆ.

ದೊಡ್ಡಪ್ಪನವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನೋಡುವುದನ್ನು ಕಲಿಯಬೇಕು ಎಂದರೆ ಯಾರಿಗಾದರೂ ವಿಚಿತ್ರವೆನಿಸುವುದು ಸಹಜ. ಆದರೆ ಯೋಚಿಸಿ ನೋಡಿ. ಚಿನಿವಾರನು ಒರೆಗಲ್ಲಿನ ಮೇಲಿನ ಗೆರೆಯನ್ನು ನೋಡಿ ಚಿನ್ನದ ಮಟ್ಟ ಹೇಳುತ್ತಾನೆ. ಅದೇ ಗೆರೆ ನಮಗೂ ಕಾಣುತ್ತದೆ, ಮಟ್ಟ ಮಾತ್ರ ತಿಳಿಯುವುದಿಲ್ಲ. ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದ ವೈದ್ಯರಿಗೆ ಕಾಣುವ ಬಿರುಕು, ಅವರ ಹೆಗಲ ಹಿಂದಿನಿಂದ ಇಣುಕುವ ನಮಗೆ ಕಾಣುವುದಿಲ್ಲ. ಕಣ್ಣು ಹುಟ್ಟಿನಿಂದ ಬಂದದ್ದು; ನೋಟ ಕಲಿತು ಬರತಕ್ಕದ್ದು. ನಮ್ಮ ಊರಿನ ಪ್ರಯೋಗಾಲಯಗಳಲ್ಲಿ ಈ ನೋಟದ ಪಾಠ ಹೇಗೆ ನಡೆಯುತ್ತದೆ, ಹೇಗೆ ನಡೆಯಬೇಕು ಎಂಬುದೇ ಈ ಸಲದ ವಿಚಾರ.

ಮೊದಲು ಅಳತೆಯ ಮಾತು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ನ್ಯಾನೊಮೀಟರು ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೮೦,೦೦೦ ನ್ಯಾನೊಮೀಟರು. ಒಂದು ನ್ಯಾನೊಮೀಟರನ್ನು ಒಂದೂವರೆ ಮಿಲಿಮೀಟರಿನ ರಾಗಿಕಾಳಿನಷ್ಟು ಹಿಗ್ಗಿಸಬಹುದಾದರೆ, ಅದೇ ಲೆಕ್ಕದಲ್ಲಿ ಕೂದಲಿನ ಎಳೆ ೧೨೦ ಮೀಟರು ದಪ್ಪವಾಗಬೇಕು. ಒಂದರ ಮೇಲೊಂದು ಎರಡು ಚಾರ್‌ಮಿನಾರುಗಳನ್ನು ನಿಲ್ಲಿಸಿದರೂ ಅದಕ್ಕೆ ಸಮವಾಗುವುದಿಲ್ಲ. ಸಾಮಾನ್ಯವಾಗಿ ೧ರಿಂದ ೧೦೦ ನ್ಯಾನೊಮೀಟರಿನೊಳಗಿನ ಕಣ, ತಂತಿ, ಹಾಳೆಗಳನ್ನು ನ್ಯಾನೊ ಪದಾರ್ಥಗಳೆಂದು ಕರೆಯುತ್ತಾರೆ. ಇಷ್ಟು ಚಿಕ್ಕದಾದಾಗ ವಸ್ತುವಿನ ಗುಣವೇ ಬದಲಾಗುತ್ತದೆ. ಹತ್ತಿಪ್ಪತ್ತು ನ್ಯಾನೊಮೀಟರಿನ ಚಿನ್ನದ ಕಣಗಳನ್ನು ನೀರಿನಲ್ಲಿ ತೇಲಿಸಿದರೆ ಆ ನೀರು ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗಿರುತ್ತದೆ. ಮೈಕೆಲ್ ಫ್ಯಾರಡೆ ಇದನ್ನು ೧೮೫೭ರಲ್ಲಿಯೇ ವರ್ಣಿಸಿದ್ದಾನೆ. ಕಣಗಳು ಬಹಳ ಸಣ್ಣವಿರಬೇಕೆಂದು ಅವನು ಊಹಿಸಿದ. ಕಣ್ಣಾರೆ ಕಾಣುವ ಸಾಧನ ಅವನ ಕಾಲದಲ್ಲಿ ಇರಲಿಲ್ಲ.

ಇರದಿದ್ದುದಕ್ಕೆ ಕಾರಣವುಂಟು. ಬೆಳಕು ಅಲೆಯಾಗಿ ಹರಿಯುತ್ತದೆ. ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಎಷ್ಟು ಒಳ್ಳೆಯ ಮಸೂರವಿದ್ದರೂ ಬೇರೆ ಬೇರೆಯಾಗಿ ತೋರಿಸಲಾಗದು ಎಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆ ೧೮೭೩ರಲ್ಲಿ ತೋರಿಸಿಕೊಟ್ಟ. ನಮ್ಮ ಕಾಲೇಜುಗಳಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಹೀಗೆ ೨೦೦ ನ್ಯಾನೊಮೀಟರಿನ ಹತ್ತಿರ ಒಂದು ಗೋಡೆ ಎದ್ದು ನಿಲ್ಲುತ್ತದೆ. ಒಂದು ಬಕೀಟಿನ ಆಳವನ್ನು ಸೂಜಿಯಿಂದ ಅಳೆಯಬಹುದು, ಸೂಜಿಯ ಕಣ್ಣನ್ನು ಬಕೀಟಿನಿಂದ ಅಳೆಯಲಾಗದು. ಇದೂ ಹಾಗೆಯೇ.

ಈ ಗೋಡೆಯನ್ನು ದಾಟಿದ ಕಥೆಯಲ್ಲಿ ಡಾಕ್ಟರೇಟ್ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಎಲೆಕ್ಟ್ರಾನಿನಂಥ ಕಣಕ್ಕೂ ಅಲೆಯ ಗುಣವಿದೆ ಎಂಬ ಮಾತು ೧೯೨೪ರಲ್ಲಿ ಲೂಯಿ ದ ಬ್ರೋಯ್ ಪ್ಯಾರಿಸ್ಸಿನಲ್ಲಿ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಬಂತು. ಸುರುಳಿ ಸುತ್ತಿದ ತಂತಿಯ ಕಾಂತಕ್ಷೇತ್ರವು ಎಲೆಕ್ಟ್ರಾನುಗಳಿಗೆ ಮಸೂರದಂತೆ ವರ್ತಿಸುತ್ತದೆಂದು ಹನ್ಸ್ ಬುಶ್ ೧೯೨೬ರಲ್ಲಿ ಹೇಳಿದ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಮ್ಯಾಕ್ಸ್ ನೋಲ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಅರ್ನ್ಸ್ಟ್ ರುಸ್ಕ ಎಂಬ ತರುಣ ೧೯೩೧ರಲ್ಲಿ ಇಂಥ ಎರಡು ಮಸೂರಗಳನ್ನು ಜೋಡಿಸಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಆ ಯಂತ್ರ ವಸ್ತುವನ್ನು ಹಿಗ್ಗಿಸಿ ತೋರಿಸಿದ್ದು ೧೭ ಪಟ್ಟು ಮಾತ್ರ. ಜಾತ್ರೆಯಲ್ಲಿ ಮಾರುವ ಭೂತಗನ್ನಡಿಯೂ ಅದಕ್ಕೆ ಸ್ಪರ್ಧೆ ಕೊಡಬಹುದಾಗಿತ್ತು. ಆದರೆ ದಾರಿ ಸರಿಯಾಗಿತ್ತು. ೧೯೩೩ರಲ್ಲಿ ಅವನ ಮುಂದಿನ ಯಂತ್ರ ಬೆಳಕಿನ ಸೂಕ್ಷ್ಮದರ್ಶಕವನ್ನು ಮೀರಿಸಿತು. ರುಸ್ಕನಿಗೆ ನೊಬೆಲ್ ಪಾರಿತೋಷಕ ಬಂದುದು ೧೯೮೬ರಲ್ಲಿ, ಐವತ್ತೈದು ವರ್ಷ ಕಳೆದ ಮೇಲೆ. ಐದು ವರ್ಷ ಹೆಚ್ಚೆನ್ನುವವರು ಇದನ್ನು ಗಮನಿಸಬಹುದು.

ಎರಡು ಲಕ್ಷ ವೋಲ್ಟ್‌ಗಳಲ್ಲಿ ಓಡಿಸಿದ ಎಲೆಕ್ಟ್ರಾನಿನ ಅಲೆ ೦.೦೦೨೫ ನ್ಯಾನೊಮೀಟರು ಉದ್ದವಿರುತ್ತದೆ. ಹಸಿರು ಬೆಳಕಿನ ಅಲೆಯ ಸರಿಸುಮಾರು ಎರಡು ಲಕ್ಷದಲ್ಲಿ ಒಂದು ಪಾಲು. ಹಾಗಾದರೆ ಅಣುವನ್ನೂ ಪರಮಾಣುವನ್ನೂ ಕೂಡಲೇ ಕಾಣಬಹುದಿತ್ತಲ್ಲ ಎಂದು ಕೇಳಬಹುದು. ಕಾಂತದ ಮಸೂರಗಳಿಗೆ ಹುಟ್ಟುದೋಷವೊಂದಿತ್ತು. ದುಂಡಗಿನ ಮಸೂರದಲ್ಲಿ ಅದು ತಪ್ಪದೆಂದು ಓಟೊ ಶೆರ್ಜರ್ ೧೯೩೬ರಲ್ಲಿ ಗಣಿತದಿಂದ ಸಿದ್ಧಪಡಿಸಿದ. ಅದನ್ನು ತಿದ್ದುವ ಸಾಧನ ಹರಾಲ್ಡ್ ರೋಸ್, ಮ್ಯಾಕ್ಸಿಮಿಲಿಯನ್ ಹೈಡರ್, ಕ್ನುಟ್ ಉರ್ಬನ್, ಒಂಡ್ರೆ ಕ್ರಿವಾನೆಕ್ ಮೊದಲಾದವರ ಶ್ರಮದಿಂದ ೧೯೯೦ರ ದಶಕದ ಕೊನೆಯಲ್ಲಿ ಕೈಗೂಡಿತು. ಈ ನಾಲ್ವರಿಗೆ ೨೦೨೦ರಲ್ಲಿ ಕಾವ್ಲಿ ಪಾರಿತೋಷಕ ದೊರೆಯಿತು. ಇಂದಿನ ಉತ್ತಮ ಯಂತ್ರಗಳು ಒಂದು ನ್ಯಾನೊಮೀಟರಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಅಂತರವನ್ನೂ ಬಿಡಿಸಿ ತೋರಿಸುತ್ತವೆ. ಪರಮಾಣುಗಳ ಸಾಲು ಮುತ್ತಿನ ಸಾಲಿನಂತೆ ಕಾಣುತ್ತದೆ.

ನಮ್ಮ ದೇಶ ಈ ವಿದ್ಯೆಗೆ ಹೊಸದಲ್ಲ. ೧೯೪೦ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಮೇಘನಾದ ಸಾಹಾ ಅವರ ಪ್ರೋತ್ಸಾಹದಿಂದ ಎನ್. ಎನ್. ದಾಸ್‌ಗುಪ್ತ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೊಂದನ್ನು ಇಲ್ಲಿಯೇ ಕಟ್ಟಿದರು. ನಮ್ಮ ಹೈದರಾಬಾದಿಗೆ ಲೋಹವಿದ್ಯೆಯ ಊರೆಂಬ ಹೆಸರು ಬಂದುದು ರಕ್ಷಣಾ ಇಲಾಖೆಯ ಲೋಹ ಸಂಶೋಧನಾಲಯ ೧೯೬೩ರಲ್ಲಿ ಇಲ್ಲಿ ನೆಲೆಗೊಂಡ ಮೇಲೆ. ೧೯೭೪ರಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮೊದಲು ಅದಕ್ಕೆ ಆಶ್ರಯ ಕೊಟ್ಟದ್ದು ನಾಂಪಲ್ಲಿಯಲ್ಲಿ ಸರೋಜಿನಿ ನಾಯ್ಡು ಅವರ ಮನೆ. ೧೯೯೭ರಲ್ಲಿ ಬಾಲಾಪುರದಲ್ಲಿ, ಲೋಹದ ಪುಡಿಗಳನ್ನೂ ಹೊಸ ಪದಾರ್ಥಗಳನ್ನೂ ಕುರಿತು ಸಂಶೋಧನೆ ನಡೆಸುವ 'ಆರ್ಸಿ' ಎಂಬ ಕೇಂದ್ರ ಬಂತು. ೨೦೦೮ರಲ್ಲಿ ಐ.ಐ.ಟಿ. ಬಂತು. ಇವುಗಳ ಜೊತೆಗೆ ತಾರ್ನಾಕಾದ ರಾಸಾಯನಿಕ ತಂತ್ರವಿದ್ಯಾ ಸಂಸ್ಥೆಯನ್ನೂ ಸೇರಿಸಿಕೊಂಡರೆ, ನ್ಯಾನೊ ಪದಾರ್ಥಗಳನ್ನು ತಯಾರಿಸುವ, ನೋಡುವ ಕೈಗಳು ಈ ಊರಿನಲ್ಲಿ ಸಾಕಷ್ಟಿವೆ. ಕುಡಿಯುವ ನೀರಿನ ಸೋಸುಬತ್ತಿಗೆ ಬೆಳ್ಳಿಯ ನ್ಯಾನೊ ಕಣಗಳನ್ನು ಲೇಪಿಸಿ ಕ್ರಿಮಿಗಳನ್ನು ಕೊಲ್ಲುವ ಉಪಾಯವನ್ನು ಬಾಲಾಪುರದ ಕೇಂದ್ರದವರು ರೂಪಿಸಿದರು. ಈ ವಿದ್ಯೆ ಅಡಿಗೆಮನೆಯ ಮೂಲೆಯವರೆಗೂ ಬಂದಿದೆ ಎನ್ನುವುದಕ್ಕೆ ಇದು ಸಾಕು.

ಇಡೀ ದೇಶಕ್ಕೆ ಈ ಕೆಲಸದಲ್ಲಿ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರು ನಮ್ಮವರೇ ಆದ ಪ್ರೊಫೆಸರ್ ಸಿ. ಎನ್. ಆರ್. ರಾವ್. ೧೯೩೪ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ೧೯೮೯ರಲ್ಲಿ ಅಲ್ಲಿ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನ ಕೇಂದ್ರವನ್ನು ಕಟ್ಟಿದರು. ೨೦೦೭ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನ್ಯಾನೊ ಮಿಷನ್ನಿನ ಮಂಡಳಿಗೆ ಅವರೇ ಅಧ್ಯಕ್ಷರಾಗಿದ್ದರು. ೨೦೧೪ರಲ್ಲಿ ಭಾರತರತ್ನ ಸ್ವೀಕರಿಸಿದರು. ಹಲವು ಕೋಟಿ ರೂಪಾಯಿ ಬೆಲೆಯ ಸೂಕ್ಷ್ಮದರ್ಶಕಗಳು ನಮ್ಮ ವಿಶ್ವವಿದ್ಯಾನಿಲಯಗಳಿಗೆ ಬಂದುದು ಬಹುಮಟ್ಟಿಗೆ ಈ ಕಾಲದಲ್ಲಿ.

ಯಂತ್ರವೇನೋ ಬಂತು. ಇನ್ನು ಪಾಠದ ವಿಷಯ.

ಮೊದಲನೆಯ ಪಾಠ ಕೈಗೆ. ಎಲೆಕ್ಟ್ರಾನುಗಳು ತೂರಿ ಹೋಗಬೇಕಾದರೆ ಮಾದರಿ ನೂರು ನ್ಯಾನೊಮೀಟರಿಗಿಂತ ತೆಳ್ಳಗಿರಬೇಕು. ಪುಡಿಯಾದರೆ ಅದನ್ನು ಮದ್ಯಸಾರದಲ್ಲಿ ಕದಡಿ, ಮೂರು ಮಿಲಿಮೀಟರು ಅಗಲದ ತಾಮ್ರದ ಜಾಲರಿಯ ಮೇಲೆ ಒಂದೇ ಒಂದು ತೊಟ್ಟು ಬಿಟ್ಟು ಒಣಗಿಸುತ್ತಾರೆ. ಜಾಲರಿಯ ಮೇಲೆ ಇಂಗಾಲದ ತೆಳುಪೊರೆ ಇರುತ್ತದೆ. ತೊಟ್ಟು ಹೆಚ್ಚು ಗಟ್ಟಿಯಾದರೆ ಕಣಗಳು ಸಂತೆಯಲ್ಲಿ ಸುರಿದ ಮೆಣಸಿನಕಾಯಿಯಂತೆ ರಾಶಿ ಬೀಳುತ್ತವೆ. ತೀರ ತೆಳುವಾದರೆ ಗಂಟೆಗಟ್ಟಲೆ ಹುಡುಕಿದರೂ ಒಂದು ಸಿಕ್ಕುವುದಿಲ್ಲ. ಲೋಹದ ತುಂಡಾದರೆ ಇನ್ನೂ ಕಷ್ಟ. ಉಜ್ಜಿ, ಮತ್ತೆ ಉಜ್ಜಿ, ಕೊನೆಗೆ ಅಯಾನುಗಳ ಧಾರೆಯಿಂದ ತೇಯ್ದು, ನಡುವೆ ಒಂದು ತೂತು ಬೀಳುವವರೆಗೆ ಕಾಯಬೇಕು. ಆ ತೂತಿನ ಅಂಚೇ ನೋಡತಕ್ಕ ಸ್ಥಳ. ನೀರುದೋಸೆ ತೆಳ್ಳಗೆ ಹುಯ್ಯಲು ಕಲಿತವರಿಗೆ ಇದರ ಸೂಕ್ಷ್ಮ ಅರ್ಥವಾದೀತು. ಮೂರು ದಿನದ ಕೆಲಸ ಚಿಮುಟ ಜಾರಿದ ಒಂದು ಕ್ಷಣದಲ್ಲಿ ನೆಲದ ಪಾಲಾಗುವುದುಂಟು. ಬೆರಳಿನ ಜಿಡ್ಡು ಸೋಕಿದರೆ, ಆ ಜಿಡ್ಡು ಯಂತ್ರದೊಳಗಿನ ನಿರ್ವಾತದಲ್ಲಿ ಹರಡಿ, ಎಲೆಕ್ಟ್ರಾನು ಬಿದ್ದ ಕಡೆಯಲ್ಲೆಲ್ಲ ಕಪ್ಪು ಕಲೆಯಾಗಿ ಕೂರುತ್ತದೆ. ಮಡಿಯ ವಿಚಾರದಲ್ಲಿ ಈ ಪ್ರಯೋಗಾಲಯಗಳು ನಮ್ಮ ಅಜ್ಜಿಯರನ್ನೂ ಮೀರಿಸಿವೆ.

ಎರಡನೆಯ ಪಾಠ ಕಣ್ಣಿಗೆ. ಫೋಟೋ ತೆಗೆಯುವವರಿಗೆಲ್ಲ ಗೊತ್ತು, ಫೋಕಸ್ ಸರಿಯಾದಾಗ ಚಿತ್ರ ಸ್ಫುಟವಾಗುತ್ತದೆ. ಈ ಯಂತ್ರದಲ್ಲಿ ತೆಳುವಾದ ಮಾದರಿ ಫೋಕಸ್ ಸರಿಯಾದ ಜಾಗದಲ್ಲಿಯೇ ಅತ್ಯಂತ ಮಸುಕಾಗಿ ಕಾಣುತ್ತದೆ. ಸ್ವಲ್ಪ ತಪ್ಪಿಸಿದಾಗ ಎದ್ದು ಕಾಣುತ್ತದೆ. ಆದುದರಿಂದ ಚೆನ್ನಾಗಿ ಕಂಡದ್ದೆಲ್ಲ ನಿಜವೆಂದು ನಂಬುವಂತಿಲ್ಲ. ಎಷ್ಟು ತಪ್ಪಿಸಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕಣದ ಅಂಚಿನಲ್ಲಿ ಬರುವ ಬಿಳಿಗೆರೆ ಕರಿಗೆರೆಗಳು ವಸ್ತುವಿನವೋ ಮಸೂರದವೋ ಎಂದು ತಿಳಿಯಬೇಕು. ಮೊದಮೊದಲು ವಿದ್ಯಾರ್ಥಿಗೆ ಅಂಚಿನ ಈ ಗೆರೆಯೇ ಒಂದು ಹೊಸ ಪೊರೆಯಾಗಿ ಕಾಣುತ್ತದೆ. ಹೊಸದೇನೋ ಸಿಕ್ಕಿತೆಂದು ರಾತ್ರಿ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಹಿರಿಯರು ಫೋಕಸ್ ತಿರುಗಿಸಿ ತೋರಿಸಿದಾಗ ಪೊರೆ ಮಾಯವಾಗುತ್ತದೆ.

ಮೂರನೆಯ ಪಾಠ ಬುದ್ಧಿಗೆ, ಅದೇ ಬಹಳ ದಿನ ಹಿಡಿಯುವುದು. ಯಂತ್ರ ತೋರಿಸುವುದು ವಸ್ತುವಿನ ನೆರಳನ್ನು. ಒಂದು ರೂಪಾಯಿ ನಾಣ್ಯವನ್ನು ಅಡ್ಡಲಾಗಿ ಹಿಡಿದರೆ ಅದರ ನೆರಳು ಕಡ್ಡಿಯಂತೆ ಬೀಳುತ್ತದೆ, ಎದುರಾಗಿ ಹಿಡಿದರೆ ಬಿಲ್ಲೆಯಂತೆ. ಕಡ್ಡಿ ಕಂಡೆನೆಂದು ಬರೆಯುವ ಮೊದಲು ಮಾದರಿಯನ್ನು ಓರೆಮಾಡಿ ನೋಡಬೇಕು. ಕಣದಲ್ಲಿ ಯಾವ ಯಾವ ಮೂಲವಸ್ತುಗಳಿವೆಯೆಂದು ಅದರಿಂದ ಹೊರಡುವ ಎಕ್ಸ್ ಕಿರಣಗಳು ಹೇಳುತ್ತವೆ. ಹೊಸ ವಿದ್ಯಾರ್ಥಿ ಆ ಪಟ್ಟಿಯಲ್ಲಿ ತಾಮ್ರವನ್ನು ಕಂಡು ಬೆರಗಾಗುತ್ತಾನೆ. ತಾಮ್ರ ಬಂದುದು ಜಾಲರಿಯಿಂದ! ಇನ್ನೂ ಸೋಜಿಗದ ಸಂಗತಿಯೊಂದಿದೆ. ದೀಪದ ಕಾಡಿಗೆಯಂಥ ಇಂಗಾಲದ ಮಸಿಯ ಮೇಲೆ ಎಲೆಕ್ಟ್ರಾನುಗಳನ್ನು ಬಲವಾಗಿ ಸುರಿಸಿದರೆ, ಅದರ ಪದರಗಳು ಬಾಗಿ ಮುಚ್ಚಿಕೊಂಡು ಈರುಳ್ಳಿಯಂತಾಗುತ್ತವೆ ಎಂದು ಡೇನಿಯಲ್ ಉಗಾರ್ತೆ ೧೯೯೨ರಲ್ಲಿ ತೋರಿಸಿದ. ಅಂದರೆ ನೋಡುವ ಕ್ರಿಯೆಯೇ ನೋಡತಕ್ಕ ವಸ್ತುವನ್ನು ಬದಲಾಯಿಸಬಹುದು. ಹಾಲು ಕಾದಿದೆಯೇ ಎಂದು ನೋಡಲು ಬೆರಳದ್ದಿದರೆ ಹಾಲಿಗೇನೂ ಆಗುವುದಿಲ್ಲ; ಇಲ್ಲಿ ಹಾಗಲ್ಲ. ನಾನು ಕಂಡದ್ದು ನಾನು ನೋಡುವ ಮೊದಲೂ ಹಾಗೆಯೇ ಇತ್ತೇ ಎಂದು ಪ್ರತಿಸಲವೂ ಕೇಳಿಕೊಳ್ಳಬೇಕು.

ನಮ್ಮ ನಾಡಿನ ಒಂದು ಉದಾಹರಣೆ ಈ ಮಾತನ್ನು ಇನ್ನೂ ತಿಳಿಯಾಗಿಸುತ್ತದೆ. ಜಗತ್ತಿನ ಲೋಹಶಾಸ್ತ್ರದ ಪುಸ್ತಕಗಳಲ್ಲಿ 'ವೂಟ್ಸ್' ಎಂಬ ಶಬ್ದವಿದೆ. ಅದು ನಮ್ಮ 'ಉಕ್ಕು' ಪರದೇಶಿಯರ ಬಾಯಲ್ಲಿ ತಿರುಗಿದ ರೂಪವೆಂದು ವಿದ್ವಾಂಸರು ಹೇಳುತ್ತಾರೆ. ಮೈಸೂರು ಸೀಮೆಯಲ್ಲಿಯೂ ಇದನ್ನು ಮಾಡುತ್ತಿದ್ದರು. ಇಂದಿನ ತೆಲಂಗಾಣದ ನಿಜಾಮಾಬಾದ್ ಕಡೆಯ ಕೋನಸಮುದ್ರವೂ ಇದಕ್ಕೆ ಪ್ರಸಿದ್ಧವಾಗಿತ್ತು. ಅಲ್ಲಿಗೆ ಪಾರಸಿಕ ವರ್ತಕರು ಬಂದು ಉಕ್ಕಿನ ಗಟ್ಟಿಗಳನ್ನು ಕೊಂಡೊಯ್ಯುತ್ತಿದ್ದರು. ಅದರಿಂದ ಮಾಡಿದ ಕತ್ತಿಗಳೇ ಡಮಾಸ್ಕಸ್ ಕತ್ತಿಗಳು. ಫ್ಯಾರಡೆ ಕೂಡ ತರುಣನಾಗಿದ್ದಾಗ ಈ ಉಕ್ಕಿನ ಗುಟ್ಟು ಹುಡುಕಲು ಹೆಣಗಿದ್ದ. ೨೦೦೬ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ಮತ್ತು ಜೊತೆಯವರು ಹದಿನೇಳನೆಯ ಶತಮಾನದ ಅಂಥ ಕತ್ತಿಯೊಂದರ ಚೂರನ್ನು ಆಮ್ಲದಲ್ಲಿ ಕರಗಿಸಿ, ಉಳಿದುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಇಂಗಾಲದ ನ್ಯಾನೊ ಕೊಳವೆಗಳು ಕಂಡುವೆಂದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಇಂಥ ಕೊಳವೆಗಳನ್ನು ಜಪಾನಿನ ಸುಮಿಯೊ ಇಜಿಮಾ ೧೯೯೧ರಲ್ಲಿ ವರ್ಣಿಸಿ ಲೋಕದ ಗಮನ ಸೆಳೆದಿದ್ದರು.

ಸುದ್ದಿ ಕೇಳಿ ನಮಗೆ ಹೆಮ್ಮೆಯೆನಿಸುವುದು ನ್ಯಾಯವೇ. ಆದರೆ "ನಮ್ಮ ಕಮ್ಮಾರರಿಗೆ ನ್ಯಾನೊ ವಿದ್ಯೆ ಗೊತ್ತಿತ್ತು" ಎಂದು ಸಭೆಗಳಲ್ಲಿ ಭಾಷಣ ಮಾಡುವವರಿದ್ದಾರೆ. ಪಾಠ ಕಲಿತ ವಿದ್ಯಾರ್ಥಿನಿ ಹಾಗೆ ಹೇಳಲಾರಳು. ಒಂದು ಕತ್ತಿ, ಅದರದೊಂದು ಚೂರು; ಎಲ್ಲ ಉಕ್ಕಿಗೂ ಅದನ್ನು ಹೇಗೆ ಹೇಳುವುದು? ಕೊಳವೆ ಮೂಸೆಯಲ್ಲಿ ಹುಟ್ಟಿತೋ, ಕತ್ತಿ ತಟ್ಟುವಾಗ ಹುಟ್ಟಿತೋ? ಕತ್ತಿಯ ಗುಣಕ್ಕೆ ಅದು ಕಾರಣವೋ, ಸುಮ್ಮನೆ ಜೊತೆಯಲ್ಲಿರುವುದೋ? ಹೀಗೆ ಅವಳ ಪ್ರಶ್ನೆಗಳು ಸಾಲುಗಟ್ಟುತ್ತವೆ. ಕಮ್ಮಾರನಿಗೆ ಅದಿರು ಗೊತ್ತಿತ್ತು, ಇದ್ದಿಲು ಗೊತ್ತಿತ್ತು, ಬೆಂಕಿಯ ಬಣ್ಣ ಗೊತ್ತಿತ್ತು. ಅದು ಸಾಮಾನ್ಯ ವಿದ್ಯೆಯಲ್ಲ. ಇಲ್ಲದ ವಿದ್ಯೆಯನ್ನು ಅವನ ತಲೆಗೆ ಕಟ್ಟುವುದರಿಂದ ಅವನ ಗೌರವ ಹೆಚ್ಚುವುದಿಲ್ಲ.

ಇಲ್ಲಿಗೆ ಮುಖ್ಯ ವಿಷಯಕ್ಕೆ ಬಂದೆವು. ನೋಟದ ಪಾಠವೆಂದರೆ ಕಡೆಗೆ ಸತ್ಯದ ಪಾಠ. ಜಾಲರಿಯ ಮೇಲೆ ಲಕ್ಷಾಂತರ ಕಣಗಳಿರುತ್ತವೆ. ಅವುಗಳಲ್ಲಿ ಒಂದು, ನಾವು ಬಯಸಿದಂತೆಯೇ ದುಂಡಗೆ, ಮುದ್ದಾಗಿ ಇದ್ದೇ ಇರುತ್ತದೆ. ಅದೊಂದರ ಚಿತ್ರ ತೆಗೆದು ಪ್ರಬಂಧದಲ್ಲಿ ಅಂಟಿಸಿದರೆ ನೋಡುವವರು ಭೇಷ್ ಎನ್ನುತ್ತಾರೆ. ಸರಿಯಾದ ಕ್ರಮ ಬೇರೆ: ಜಾಲರಿಯ ಬೇರೆ ಬೇರೆ ಚೌಕಗಳಿಗೆ ಹೋಗಿ, ಕಂಡ ಕಣಗಳನ್ನೆಲ್ಲ ಆರಿಸದೆ ಅಳೆದು, ಇನ್ನೂರು ಮುನ್ನೂರರ ಲೆಕ್ಕ ಕೊಡಬೇಕು. ಬೇಸರದ ಕೆಲಸ. ಮುದುವೆ ಮನೆಯ ಒಂದು ಫೋಟೋ ನೋಡಿ ಸಂಸಾರದ ಸುಖ ಅಳೆಯಲಾಗದೆಂದು ನಮಗೆಲ್ಲ ಗೊತ್ತು. ಆದರೆ ವಿಜ್ಞಾನದಲ್ಲಿ ಚಿತ್ರವನ್ನು ನಂಬುವ ಚಾಪಲ್ಯ ಬಲವಾದದ್ದು. ಎಲಿಸಬೆತ್ ಬಿಕ್ ಮತ್ತು ಇಬ್ಬರು ಜೊತೆಗಾರರು ೨೦೧೬ರಲ್ಲಿ ಜೀವವೈದ್ಯಕೀಯ ವಿಜ್ಞಾನದ ೨೦,೬೨೧ ಲೇಖನಗಳ ಚಿತ್ರಗಳನ್ನು ಪರೀಕ್ಷಿಸಿ, ನೂರಕ್ಕೆ ೩.೮ರಲ್ಲಿ ಒಂದೇ ಚಿತ್ರವನ್ನು ಎರಡು ಕಡೆ ಬಳಸಿದ್ದು ಮೊದಲಾದ ದೋಷಗಳನ್ನು ಕಂಡರು. ಎಲ್ಲವೂ ಮೋಸವಲ್ಲ, ಕೆಲವು ಅಜಾಗ್ರತೆ. ಆದರೂ ಆ ಔಷಧದ ಸಂಶೋಧನೆಯನ್ನು ನಂಬಿ ಮುಂದಿನವರು ಕೆಲಸ ಮಾಡಬೇಕಲ್ಲ!

ಸತ್ಯದ ಇನ್ನೊಂದು ಮುಖವೂ ಇದೆ. ೧೯೮೨ರ ಏಪ್ರಿಲ್ ೮ರಂದು ಇಸ್ರೇಲಿನ ಡಾನ್ ಶೆಕ್ಟ್‌ಮನ್ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಅಲ್ಯುಮಿನಿಯಂ ಮತ್ತು ಮ್ಯಾಂಗನೀಸಿನ ಮಿಶ್ರಲೋಹವನ್ನು ನೋಡುತ್ತಿದ್ದಾಗ, ಚುಕ್ಕೆಗಳ ಒಂದು ಚಿತ್ತಾರ ಕಂಡ. ಸುತ್ತಲೂ ಹತ್ತು ಹತ್ತು ಚುಕ್ಕೆಗಳು. ಸ್ಫಟಿಕದಲ್ಲಿ ಅಂಥ ಜೋಡಣೆ ಅಸಾಧ್ಯವೆಂದು ಪುಸ್ತಕಗಳೆಲ್ಲ ಹೇಳುತ್ತಿದ್ದುವು. ಯಂತ್ರದ ದೋಷವೋ, ಅವಳಿ ಸ್ಫಟಿಕಗಳ ಮೋಸವೋ ಎಂದು ಅವನು ಓರೆಮಾಡಿ, ತಿರುಗಿಸಿ, ಮತ್ತೆ ಮತ್ತೆ ನೋಡಿದ. ಜೊತೆಯವರು ನಂಬಲಿಲ್ಲ, ತನ್ನ ತಂಡವನ್ನೂ ಬಿಡಬೇಕಾಯಿತು. ಲೇಖನ ಅಚ್ಚಾದುದು ೧೯೮೪ರಲ್ಲಿ, ನೊಬೆಲ್ ಬಂದುದು ೨೦೧೧ರಲ್ಲಿ. ಬಯಸಿದ್ದು ಕಂಡಾಗ ಅನುಮಾನಿಸುವುದು, ಬಯಸದೆ ಇದ್ದುದು ಕಂಡಾಗ ಅಳಿಸಿಹಾಕದಿರುವುದು, ಈ ಎರಡನ್ನೂ ಒಟ್ಟಿಗೆ ಕಲಿಸುವುದೇ ಡಾಕ್ಟರೇಟ್ ಶಿಕ್ಷಣದ ತಿರುಳು.

ಇದನ್ನು ಕಲಿಯಬೇಕಾದರೆ ಯಂತ್ರದ ಮುಂದೆ ಕೂರಬೇಕು. ಈಗಿನ ತೊಡಕು ಇರುವುದು ಇಲ್ಲಿಯೇ. ಅನೇಕ ಕಡೆಗಳಲ್ಲಿ ಒಂದು ಯಂತ್ರಕ್ಕೆ ನೂರಾರು ಮಂದಿ ವಿದ್ಯಾರ್ಥಿಗಳು. ಅವರು ಮಾದರಿಯನ್ನು ಒಂದು ಡಬ್ಬಿಯಲ್ಲಿಟ್ಟು, ಫಾರಂ ತುಂಬಿ, ಹಣ ಕಟ್ಟಿ ಬರುತ್ತಾರೆ. ಕೆಲವು ವಾರಗಳ ಮೇಲೆ ಹತ್ತು ಚಿತ್ರಗಳು ಕೈಗೆ ಬರುತ್ತವೆ. ಆ ಹತ್ತನ್ನು ಏಕೆ ತೆಗೆದರು, ತೆಗೆಯದೆ ಬಿಟ್ಟ ತೊಂಬತ್ತರಲ್ಲಿ ಏನಿತ್ತು ಎಂದು ವಿದ್ಯಾರ್ಥಿಗೆ ತಿಳಿಯುವ ಬಗೆಯಿಲ್ಲ. ಇದು ಮದುವೆಗೆ ಹೋಗದೆ ಬರೀ ತಾಂಬೂಲದ ಚೀಲವನ್ನು ತರಿಸಿಕೊಂಡಂತೆ. ಯಂತ್ರದ ಹೊಣೆ ಹೊತ್ತವರ ಭಯವೂ ಸುಳ್ಳಲ್ಲ. ಅನುಭವವಿಲ್ಲದ ಕೈ ಮಾದರಿ ಹಿಡಿಯುವ ಸಲಾಕೆಯನ್ನು ತಪ್ಪಾಗಿ ಎಳೆದರೆ ನಿರ್ವಾತ ಕೆಡುತ್ತದೆ. ದುರಸ್ತಿಗೆ ಲಕ್ಷಗಟ್ಟಲೆ ಖರ್ಚು, ತಿಂಗಳುಗಟ್ಟಲೆ ವಿಳಂಬ. ಒಬ್ಬನ ಅವಸರಕ್ಕೆ ನೂರು ಮಂದಿ ಕಾಯಬೇಕಾಗುತ್ತದೆ.

ಹಾಗೆಂದು ಬಾಗಿಲು ಮುಚ್ಚುವುದು ಪರಿಹಾರವಲ್ಲ. ಈಜು ಕಲಿಸುವವರು ಮಗುವನ್ನು ಮೊದಲ ದಿನವೇ ಬಾವಿಗೆ ನೂಕುವುದೂ ಇಲ್ಲ, ದಡದಲ್ಲಿ ಕೂರಿಸಿ ಈಜಿನ ಪುಸ್ತಕ ಓದಿಸುವುದೂ ಇಲ್ಲ. ಇಲ್ಲಿಯೂ ಮೆಟ್ಟಿಲು ಮೆಟ್ಟಿಲಾಗಿ ಹೋಗಬಹುದು. ಮೊದಲು ಹಿರಿಯರ ಪಕ್ಕದಲ್ಲಿ ಕುಳಿತು ನೋಡುವುದು. ಬಳಿಕ ತನ್ನ ಮಾದರಿಯನ್ನು ತಾನೇ ತಯಾರಿಸುವುದು. ಆಮೇಲೆ, ಎಲ್ಲರಿಗೂ ತಿಳಿದ ಚಿನ್ನದ ಮಾದರಿಯನ್ನಿಟ್ಟು ಪರಮಾಣು ಸಾಲುಗಳ ನಡುವಿನ ೦.೨೩೫ ನ್ಯಾನೊಮೀಟರಿನ ಅಂತರವನ್ನು ಅಳೆದು ತೋರಿಸುವುದು. ಅಳತೆ ತಪ್ಪಿದರೆ ಏಕೆ ತಪ್ಪಿತೆಂದು ಹೇಳುವುದು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಹಗಲು ಹೊತ್ತು, ನೆರವಿಗೆ ಜನರಿರುವಾಗ, ಯಂತ್ರ ಬಿಟ್ಟುಕೊಡುವುದು. ಕೊನೆಗೆ ರಾತ್ರಿಯ ಪಾಳಿ. ಎಲ್ಲರೂ ಕೊನೆಯ ಮೆಟ್ಟಿಲು ಹತ್ತಬೇಕಾಗಿಲ್ಲ. ಆದರೆ ನ್ಯಾನೊ ಪದಾರ್ಥಗಳನ್ನು ಕುರಿತು ಪ್ರಬಂಧ ಬರೆಯುವ ಪ್ರತಿಯೊಬ್ಬರೂ ತಮ್ಮ ಮಾದರಿಯನ್ನು ನೋಡುವಾಗಲಾದರೂ ಯಂತ್ರದ ಪಕ್ಕದಲ್ಲಿರಬೇಕು. ಇದಕ್ಕೆ ಹೆಚ್ಚಿನ ಹಣ ಬೇಡ, ಮನಸ್ಸು ಸಾಕು. ದೇಶದ ಬೇರೆ ಬೇರೆ ಪ್ರಯೋಗಾಲಯಗಳ ಯಂತ್ರಗಳನ್ನು ಹೊರಗಿನ ಸಂಶೋಧಕರೂ ಕಾದಿರಿಸಿಕೊಳ್ಳಲು ೨೦೨೦ರ ಜನವರಿಯಲ್ಲಿ 'ಐ-ಸ್ಟೆಮ್' ಎಂಬ ವ್ಯವಸ್ಥೆ ಆರಂಭವಾಯಿತು. ಚಿಕ್ಕ ಕಾಲೇಜುಗಳ ಮಕ್ಕಳಿಗೆ ಇದರಿಂದ ಬಾಗಿಲು ತೆರೆದಿದೆ. ಒಳಗೆ ಹೋದವರಿಗೆ ಕೂರಲು ಒಂದು ಕುರ್ಚಿಯನ್ನೂ ಹಾಕಬೇಕು.

ಇನ್ನೊಬ್ಬರನ್ನು ನಾವು ಮರೆಯುತ್ತೇವೆ. ವರ್ಷಗಟ್ಟಲೆ ಆ ಕತ್ತಲೆಯ ಕೋಣೆಯಲ್ಲಿ ಕುಳಿತು ಯಂತ್ರ ನಡೆಸುವ ತಾಂತ್ರಿಕ ಸಿಬ್ಬಂದಿಯವರು. ಶಬ್ದ ಕೇಳಿಯೇ ಪಂಪಿನ ಆರೋಗ್ಯ ಹೇಳಬಲ್ಲವರು ಇವರು. ನೂರಾರು ಪ್ರಬಂಧಗಳಲ್ಲಿ ಇವರು ತೆಗೆದ ಚಿತ್ರಗಳಿವೆ. ಹೆಸರು ಎಲ್ಲಿಯೋ ಕಡೆಯ ಕೃತಜ್ಞತೆಯ ಸಾಲಿನಲ್ಲಿ, ಇದ್ದರೆ ಉಂಟು. ಗುರುಗಳೆಂದು ಇವರನ್ನು ಕರೆಯುವ ರೂಢಿ ಬಂದರೆ, ಪಾಠವೂ ಚೆನ್ನಾದೀತು, ಒಳ್ಳೆಯವರು ಆ ಕೆಲಸದಲ್ಲಿ ನಿಂತಾರು.

ಈಗ ಮನೆಯ ಹ್ಯಾಗೆ ಎಂಬ ವಿಚಾರ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೨೨ರ ನಿಯಮದಂತೆ ಡಾಕ್ಟರೇಟಿಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಸ್ತ್ರೀಯರಿಗೆ ಇನ್ನೂ ಎರಡು ವರ್ಷದ ರಿಯಾಯಿತಿಯುಂಟು. ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೇಂದ್ರದ ವೇತನ ಪಡೆದವರಿಗೆ ೨೦೨೩ರ ಜನವರಿಯಿಂದ ಮೊದಲ ಹಂತದಲ್ಲಿ ತಿಂಗಳಿಗೆ ೩೭,೦೦೦ ರೂಪಾಯಿ, ಮುಂದಿನ ಹಂತದಲ್ಲಿ ೪೨,೦೦೦ ರೂಪಾಯಿ ನಿಗದಿಯಾಯಿತು. ಎಲ್ಲರಿಗೂ ಇದು ಸಿಗುವುದಿಲ್ಲ. ಸಿಕ್ಕವರಿಗೂ ತಡವಾಗಿ ಬರುವುದುಂಟು. ಅದೇ ವಯಸ್ಸಿನ ಗೆಳೆಯರು ಹೈಟೆಕ್ ಸಿಟಿಯಲ್ಲಿ ಇದರ ಎರಡರಷ್ಟು ಮೂರರಷ್ಟು ತೆಗೆದುಕೊಳ್ಳುತ್ತಿರುವಾಗ, ಒಂದು ತೊಟ್ಟಿನ ಮುಂದೆ ಕುಳಿತ ನಮ್ಮ ಹುಡುಗ ಹುಡುಗಿಯರ ಮನಸ್ಸು ಕುಗ್ಗುವ ದಿನಗಳು ಬರುತ್ತವೆ. ಪ್ರಯೋಗ ಹೊಂದದ ತಿಂಗಳುಗಳು ಇರುತ್ತವೆ. ಆಗ "ಯಾವಾಗ ಮುಗಿಯುತ್ತದೆ?" ಎಂದು ಕೇಳುವುದಕ್ಕಿಂತ "ಈ ವಾರ ಏನು ಕಂಡೆ?" ಎಂದು ಕೇಳಿದರೆ ಅವರಿಗೆ ದೊಡ್ಡ ಉಪಕಾರವಾಗುತ್ತದೆ. ಉತ್ತರ ಪೂರ್ತಿ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಅವಸರ ಮಾಡಿದ ಮನೆಯ ಒತ್ತಡವೇ ಕೆಲವು ಸಲ, ಮುನ್ನೂರು ಕಣ ಅಳೆಯಬೇಕಾದ ಕಡೆ ಮೂವತ್ತಕ್ಕೆ ನಿಲ್ಲಿಸುವಂತೆ ಮಾಡುತ್ತದೆ.

ಕಡೆಯದಾಗಿ ನಮ್ಮ ಭಾಷೆಯ ಮಾತು. ಈ ಊರಿನಲ್ಲಿ ಕನ್ನಡಿಗರು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವನ್ನು ಕಟ್ಟಿ ಬೆಳೆಸಿದರು, ಮಕ್ಕಳಿಗಾಗಿ ನೃಪತುಂಗನ ಹೆಸರಿನಲ್ಲಿ ಶಾಲೆ ನಡೆಸಿದರು. ಕವಿಗೋಷ್ಠಿ, ನಾಟಕ, ಹರಿಕಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ವರ್ಷದಲ್ಲಿ ಒಂದೆರಡು ಸಂಜೆ, ಇಲ್ಲಿಯ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುತ್ತಿರುವ ನಮ್ಮ ಮಕ್ಕಳನ್ನು ಕರೆದು, ತಾವು ಕಂಡ ಚಿತ್ರಗಳನ್ನು ತೋರಿಸಿ ಅರ್ಧ ಗಂಟೆ ಕನ್ನಡದಲ್ಲಿ ಮಾತನಾಡಿಸಬಾರದೇಕೆ? ಎಲೆಕ್ಟ್ರಾನು ಎಲೆಕ್ಟ್ರಾನಾಗಿಯೇ ಇರಲಿ, ಫೋಕಸ್ ಫೋಕಸ್ ಆಗಿಯೇ ಇರಲಿ. ವಾಕ್ಯ ಕನ್ನಡದ್ದಾದರೆ ಸಾಕು. ಉಕ್ಕು ಎಂಬ ಶಬ್ದವನ್ನು ಲೋಕದ ಲೋಹಶಾಸ್ತ್ರಕ್ಕೆ ಕೊಟ್ಟ ಭಾಷೆಗೆ ಇದು ಹೊರೆಯಾಗದು. ತಾನು ಕಂಡದ್ದನ್ನು ಅಜ್ಜಿಗೆ ತಿಳಿಯುವಂತೆ ಹೇಳಬಲ್ಲ ವಿದ್ಯಾರ್ಥಿಗೆ ತಾನು ಏನು ಕಂಡಿಲ್ಲವೆಂಬುದೂ ಸ್ಪಷ್ಟವಾಗುತ್ತದೆ. ಸಂಘದ ಕಾರ್ಯದರ್ಶಿಗಳು ಈ ಸಲಹೆಯನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ಅಂಥ ಸಂಶೋಧಕರು ಮನೆಯಲ್ಲಿರುವ ವಾಚಕರು ಅವರ ಹೆಸರನ್ನು ಸಂಪಾದಕರಿಗೆ ತಿಳಿಸಿದರೆ, ಮೊದಲ ಸಂಜೆಯ ಏರ್ಪಾಡಿಗೆ ಅನುಕೂಲವಾಗುತ್ತದೆ.